ಮಹಾರಾಜ ಕಾಲೇಜು ಗಂಗೋತ್ರಿಯಲ್ಲಿಲ್ಲ, ಸ್ವಾಮಿ

ಪ್ರಶ್ನೆ: ಮಗನಿಗೆ ಮೈಸೂರು ಮಹಾರಾಜ ಕಾಲೇಜಲ್ಲಿ ಬಿ.ಎ. ಸೀಟಾಗಿದೆ. ನಾವು ಮದ್ದೂರು ಕಡೆಯವರು. ಗಂಗೋತ್ರಿ ಹಾಸ್ಟೆಲ್ಲಿಗೆ ಹಾಕಿದರೆ ಕ್ಲಾಸಿಗೆ ಹತ್ತಿರ ಆಗುತ್ತಲ್ಲವೇ?

ಪಿಯುಸಿ ಫಲಿತಾಂಶ ಬಂದ ಮೇಲೆ ಈ ಪ್ರಶ್ನೆ ನನಗೆ ಮಳೆಯಷ್ಟೇ ಖಚಿತ. ಮದ್ದೂರಿನವರು ಕೇಳುತ್ತಾರೆ, ಪಾಂಡವಪುರದವರು ಕೇಳುತ್ತಾರೆ, ಮೈಸೂರಲ್ಲೇ ಹುಟ್ಟಿ ಬೆಳೆದ ಆಟೋದವರೂ ಒಮ್ಮೊಮ್ಮೆ "ಮಹಾರಾಜ ಅಂದ್ರೆ ಗಂಗೋತ್ರಿ ಒಳಗೇ ಅಲ್ವಾ ಸಾ?" ಅನ್ನುತ್ತಾರೆ. ಅಲ್ಲ. ಮಹಾರಾಜ ಕಾಲೇಜು ಇರುವುದು ಜೆಎಲ್‌ಬಿ ರಸ್ತೆಯಲ್ಲಿ, ರೈಲ್ವೆ ನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರದಲ್ಲಿ. ಗಂಗೋತ್ರಿ, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣ ಮಾನಸಗಂಗೋತ್ರಿ, ಇರುವುದು ಕುಕ್ಕರಹಳ್ಳಿ ಕೆರೆಯ ಆಚೆ. ಇವೆರಡರ ಮಧ್ಯೆ ಒಂದು ಇಡೀ ಕೆರೆಯೇ ಇದೆ. ಗಂಗೋತ್ರಿಯ ಹಾಸ್ಟೆಲ್ಲುಗಳು ಎಂ.ಎ., ಎಂ.ಎಸ್ಸಿ. ಓದುವವರಿಗೆ. ನಿಮ್ಮ ಮಗ ಅಲ್ಲಿಗೆ ಹೋಗುವುದಕ್ಕೆ ಇನ್ನೂ ಮೂರ್ನಾಲ್ಕು ವರ್ಷ ಇದೆ.

ಹಿಂದೊಮ್ಮೆ ಕೆ.ಆರ್. ಪೇಟೆ ಕಡೆಯ ಹುಡುಗನೊಬ್ಬ ಯಾರನ್ನೂ ಕೇಳದೆ ಗಂಗೋತ್ರಿ ಕಡೆಯ ಬೋಗಾದಿಯಲ್ಲಿ ರೂಮಿಗೆ ಅಡ್ವಾನ್ಸ್ ಕೊಟ್ಟು ಬಂದ. ಅವನ ಲೆಕ್ಕದಲ್ಲಿ ಕಾಲೇಜು ಹಿತ್ತಲಲ್ಲೇ ಇತ್ತು. ಪಾಪ, ಮೊದಲ ಸೆಮಿಸ್ಟರ್ ಪೂರ್ತಿ ಕೆರೆ ಸುತ್ತಿದ.

ದಾರಿ ತಪ್ಪುವುದನ್ನು ನಾನು ಕ್ಷಮಿಸುತ್ತೇನೆ. ಈ ತಪ್ಪು ಇತಿಹಾಸಕ್ಕೂ ನುಗ್ಗಿದಾಗ ಮಾತ್ರ ತಡೆಯಲಾಗುವುದಿಲ್ಲ. ಪ್ರತಿ ಸೆಪ್ಟೆಂಬರ್ 5ಕ್ಕೆ ಯಾರಾದರೊಬ್ಬರು ಮೈಕು ಹಿಡಿದು, "ರಾಧಾಕೃಷ್ಣನ್ ಅವರನ್ನು ವಿದ್ಯಾರ್ಥಿಗಳು ಗಂಗೋತ್ರಿಯಿಂದ ಸಾರೋಟಿನಲ್ಲಿ ಎಳೆದುಕೊಂಡು ಹೋದರು" ಎಂದು ಭಾಷಣ ಬಿಗಿಯುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ನಾನು ಹಲ್ಲು ಕಚ್ಚುತ್ತೇನೆ. ರಾಧಾಕೃಷ್ಣನ್ ಮೈಸೂರಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟದ್ದು 1918ರಿಂದ 1921ರವರೆಗೆ, ಮಹಾರಾಜ ಕಾಲೇಜಿನಲ್ಲಿ. ಕಲ್ಕತ್ತೆಗೆ ಹೊರಟಾಗ ಹುಡುಗರು ಕುದುರೆ ಬಿಚ್ಚಿ, ಹೂವು ಕಟ್ಟಿದ ಗಾಡಿಯನ್ನು ತಾವೇ ರೈಲು ನಿಲ್ದಾಣಕ್ಕೆ ಎಳೆದರು. ಗಂಗೋತ್ರಿ ಆರಂಭವಾದದ್ದು 1960ರಲ್ಲಿ. ಆ ಹುಡುಗರು ಗಂಗೋತ್ರಿಯಿಂದ ಗಾಡಿ ಎಳೆಯಬೇಕಿದ್ದರೆ ಇನ್ನೂ 39 ವರ್ಷ ಕಾಯಬೇಕಿತ್ತು!

ಇನ್ನೊಂದು ತಲೆಕೆಳಗಾದ ನಂಬಿಕೆ: ವಿಶ್ವವಿದ್ಯಾನಿಲಯ ಕಟ್ಟಿದ ಮೇಲೆ ಅದಕ್ಕೊಂದು ಕಾಲೇಜು ಬೇಕೆಂದು ಮಹಾರಾಜ ಕಾಲೇಜು ಮಾಡಿದರು ಎಂಬುದು. ಮಗುವೇ ತಾಯನ್ನು ಹೆತ್ತಿತು ಅಂದ ಹಾಗಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆ ಈ ಕಾಲೇಜಿನ ಬೇರು. ಈಗ ಕಾಣುವ ಹಳೆಯ ಕಟ್ಟಡಕ್ಕೆ 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದು ಅಡಿಗಲ್ಲು ಇಟ್ಟ. ನಾಲ್ವಡಿಯವರು ವಿಶ್ವವಿದ್ಯಾನಿಲಯ ಸ್ಥಾಪಿಸಿದ್ದು 1916ರ ಜುಲೈ 27ರಂದು. ಅವತ್ತಿಗೆ ಕೈಯಲ್ಲಿದ್ದ ಆಸ್ತಿ ಎಂದರೆ ಇಲ್ಲಿ ಮಹಾರಾಜ ಕಾಲೇಜು, ಬೆಂಗಳೂರಲ್ಲಿ ಸೆಂಟ್ರಲ್ ಕಾಲೇಜು. ವಿಜ್ಞಾನದವರ ಯುವರಾಜ ಕಾಲೇಜು 1928ರದ್ದು. ಕುಲಪತಿಯಾಗಿದ್ದ ಕುವೆಂಪು ಕೆರೆಯಾಚೆಯ ಹೊಸ ಆವರಣಕ್ಕೆ 'ಮಾನಸಗಂಗೋತ್ರಿ' ಎಂದು ಹೆಸರಿಟ್ಟ ಮೇಲೆ ಸ್ನಾತಕೋತ್ತರ ವಿಭಾಗಗಳೆಲ್ಲ ಒಂದೊಂದಾಗಿ ಅತ್ತ ಹೋದವು. ಬಿ.ಎ. ಹುಡುಗರು ಇಲ್ಲೇ ಉಳಿದರು. ಗೊಂದಲದ ಮೂಲ ಇದೇ. ಅಜ್ಜ ಎಂ.ಎ. ಓದಿದ್ದು ಮಹಾರಾಜದಲ್ಲಿ, ಅಪ್ಪ ಎಂ.ಎ. ಓದಿದ್ದು ಗಂಗೋತ್ರಿಯಲ್ಲಿ; ಮನೆಯಲ್ಲಿ ಇಬ್ಬರೂ "ಯೂನಿವರ್ಸಿಟಿಲಿ ಓದಿದ್ದು" ಅಂತಲೇ ಹೇಳುವುದು.

ಮಹಾರಾಣಿ ಕಾಲೇಜು ಬೇರೆ. ಅದು ಹೆಣ್ಣುಮಕ್ಕಳದ್ದು, ಸರ್ಕಾರದ್ದು. ಇದನ್ನೂ ಕೇಳಬೇಡಿ.

ಈಗ ಹಾಸ್ಟೆಲ್ ವಿಷಯ. ಕಾಲೇಜಿನ ಸೀಟು ಬೇರೆ, ಹಾಸ್ಟೆಲ್ ಸೀಟು ಬೇರೆ. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಬರುವುದಿಲ್ಲ. ಕಾಲೇಜಿನ ಹಾಸ್ಟೆಲ್ಲಿಗೆ ಕಾಲೇಜಿನಲ್ಲೇ ವಿಚಾರಿಸಿ. ಅದೇ ಹೊತ್ತಿಗೆ ಸಮಾಜ ಕಲ್ಯಾಣ ಇಲಾಖೆ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿಗೂ ಆನ್‌ಲೈನಲ್ಲಿ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆ ದಿನ ನಾಡಕಚೇರಿ ಮುಂದೆ ನಿಂತು ನನಗೆ ಫೋನು ಮಾಡಿದರೆ ನಾನೇನು ಮಾಡಲಿ? ಎರಡೂ ಸಿಗದಿದ್ದರೆ ರೈಲು ಪಾಸು ಮಾಡಿಸಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಮದ್ದೂರಿನಿಂದ ಇನ್ನೂ 20 ಹೆಚ್ಚು. ಬೆಳಗಿನ ರೈಲಲ್ಲಿ ನಿಂತುಕೊಂಡೇ ಬಂದು ಡಿಗ್ರಿ ಮುಗಿಸಿದ ಮಕ್ಕಳು ಎಷ್ಟೋ ಮಂದಿ ಇದ್ದಾರೆ.

ಇಷ್ಟು ಹೇಳಿದ ಮೇಲೆ, ನೀವು ಕೇಳದಿದ್ದರೂ ನನ್ನ ಬಾಯಿಗೆ ಬರುವ ಮಾತೊಂದಿದೆ. ಆ ಕಾಲದ ಬಡ ಹುಡುಗರು ಊಟಕ್ಕೆ ಏನು ಮಾಡುತ್ತಿದ್ದರು? ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಐದೇ ಸಿಕ್ಕಿದರೆ ಉಳಿದೆರಡು ದಿನ ನಲ್ಲಿ ನೀರು. ಆ ಮನೆಯವರು ಊರಿಗೆ ಹೋದರೂ ಉಪವಾಸವೇ. ವಾರಾನ್ನದ ಔದಾರ್ಯವನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಹೊಗಳುವವರು ಒಂದು ಮಾತು ನುಂಗಿಬಿಡುತ್ತಾರೆ: ಎಲೆ ಹಾಕುವ ಮೊದಲು ಜಾತಿ ನೋಡುತ್ತಿದ್ದರು. ಒಕ್ಕಲು ಮಕ್ಕಳನ್ನು ಆ ಪಂಕ್ತಿಯಲ್ಲಿ ಯಾರು ಕೂರಿಸುತ್ತಿದ್ದರು? ಸಮುದಾಯಗಳು ತಮ್ಮ ತಮ್ಮ ವಿದ್ಯಾರ್ಥಿನಿಲಯ ಕಟ್ಟಿಕೊಂಡದ್ದು ಈ ಕಾರಣಕ್ಕೇ. ದಲಿತ ಮಕ್ಕಳಿಗೆಂದು ಬೆಂಗಳೂರಿನಲ್ಲಿ ವಿದ್ಯಾರ್ಥಿನಿಲಯ ನಡೆಸಿದ ಗೋಪಾಲಸ್ವಾಮಿ ಅಯ್ಯರ್ ಅವರನ್ನು ಮೈಕು ಹಿಡಿದವರು ನೆನೆಯುವುದು ಕಡಿಮೆ. ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರಿಗೂ ನೆಲೆ ಕೊಟ್ಟದ್ದು ರಾಮಕೃಷ್ಣಾಶ್ರಮ.

ಹಾಗಾಗಿ ನಿಮ್ಮ ಮಗ ಹಾಸ್ಟೆಲ್ ಸಾರು ನೀರು ನೀರು ಅಂತ ಫೋನಲ್ಲಿ ಗೊಣಗಿದರೆ ಬೈಯಬೇಡಿ. ಗೊಣಗಲಿ. ಅರ್ಜಿ ಮಾತ್ರ ಈ ವಾರವೇ ಹಾಕಿಸಿ.