ಪದ ಪರಿಚಯ: ಪೋಷಕ ನಟ

‘ಪೋಷಕ’ ಎಂಬ ಪದ ನಮಗೆ ಹೆಚ್ಚಾಗಿ ಎದುರಾಗುವುದು ಶಾಲೆಯ ಸುತ್ತೋಲೆಗಳಲ್ಲಿ. ಅಲ್ಲಿ ಪೋಷಕರೆಂದರೆ ತಂದೆತಾಯಿ, ಅವರಿಲ್ಲದಿದ್ದರೆ ಮಗುವಿನ ಹೊಣೆ ಹೊತ್ತವರು. ಸಂಘಸಂಸ್ಥೆಗಳ ಆಹ್ವಾನ ಪತ್ರಿಕೆಯಲ್ಲಿ ಅದೇ ಪದ ‘ಮಹಾಪೋಷಕರು’ ಎಂಬ ರೂಪದಲ್ಲಿ ಬಂದು, ಹಣ ಕೊಟ್ಟು ಕೆಲಸ ನಡೆಸಿಕೊಡುವವರನ್ನು ಸೂಚಿಸುತ್ತದೆ. ಮೂರನೆಯ ಬಳಕೆ ನಾಟಕ ಮತ್ತು ಸಿನಿಮಾದ್ದು: ಪೋಷಕ ನಟ, ಪೋಷಕ ನಟಿ, ಪೋಷಕ ಪಾತ್ರ. ಮೂರಕ್ಕೂ ಬೇರು ಒಂದೇ. ಸಾಕು, ಬೆಳೆಸು, ಪುಷ್ಟಿ ಕೊಡು ಎಂಬ ಅರ್ಥದ ಸಂಸ್ಕೃತದ ‘ಪುಷ್’ ಧಾತುವಿನಿಂದಲೇ ಪುಷ್ಟಿ, ಪೋಷಣೆ, ಪೌಷ್ಟಿಕ, ಪೋಷಕಾಂಶ ಎಂಬ ಪದಗಳೂ ಬಂದಿವೆ. ಕನ್ನಡ ಸಿನಿಮಾದಲ್ಲಿ ಪೋಷಕ ನಟರ ಪಾಲಿಗೆ ಅತಿ ಹೆಚ್ಚು ಬಂದದ್ದು ತಂದೆ, ತಾಯಿ, ಸೋದರಮಾವ, ಮೇಷ್ಟ್ರ ಪಾತ್ರಗಳು. ಹಾಗಾಗಿ ಪದದ ಮೊದಲ ಅರ್ಥ ಮತ್ತು ಮೂರನೆಯ ಅರ್ಥ ಒಬ್ಬನೇ ನಟನಲ್ಲಿ ಕೂಡಿಕೊಳ್ಳುವುದನ್ನು ನಾವು ಪರದೆಯ ಮೇಲೆ ಎಷ್ಟೋ ಸಲ ಕಂಡಿದ್ದೇವೆ.

ಇಂಗ್ಲಿಷಿನ ಸಪೋರ್ಟಿಂಗ್ ಆಕ್ಟರ್ ಎಂಬ ಮಾತಿಗೆ ಸಮನಾಗಿ ನಾವು ಈ ಪದವನ್ನು ಬಳಸುತ್ತೇವಾದರೂ ಎರಡರ ಒಳಗಿರುವ ಚಿತ್ರ ಬೇರೆ. ಅಲ್ಲಿರುವುದು ಭಾರ ಹೊರುವ ಊರೆಗೋಲಿನ ಚಿತ್ರ. ಇಲ್ಲಿರುವುದು ಅನ್ನ ಮತ್ತು ನೀರಿನ ಚಿತ್ರ. ಊರೆಗೋಲು ಮರವನ್ನು ಬೀಳದಂತೆ ತಡೆಯುತ್ತದೆ, ಗೊಬ್ಬರ ಮರದೊಳಗೇ ಸೇರಿಹೋಗುತ್ತದೆ. ಕಾವ್ಯ ವಿಮರ್ಶೆಯಲ್ಲಿ ನಾವು ಹೇಳುವ ‘ಪಾತ್ರಪೋಷಣೆ’, ‘ರಸಪೋಷಣೆ’ ಎಂಬ ಮಾತುಗಳಲ್ಲಿಯೂ ಇದೇ ಪೋಷಣೆಯಿದೆ. ಆ ಸಾಲಿನಲ್ಲಿಟ್ಟು ನೋಡಿದರೆ ಪೋಷಕ ನಟ ಎಂದರೆ ಕಥೆಗೆ, ಅದರ ರಸಕ್ಕೆ, ಮುಖ್ಯ ಪಾತ್ರದ ನಂಬಲರ್ಹತೆಗೆ ಪುಷ್ಟಿ ಕೊಡುವವನು ಎಂದಾಗುತ್ತದೆ. ಪಾತ್ರ ಎಷ್ಟು ನಿಮಿಷದ್ದು ಎಂಬುದು ಈ ಪದದ ಒಳಗೆ ಎಲ್ಲಿಯೂ ಇಲ್ಲ. ಆದರೂ ಬಳಕೆಯಲ್ಲಿ ಅದು ‘ಚಿಕ್ಕ ಪಾತ್ರದವನು’ ಎಂಬ ಅರ್ಥಕ್ಕೆ ಕುಗ್ಗಿದೆ, ಆ ಕುಗ್ಗುವಿಕೆಯೇ ನನಗೆ ಬೇಸರದ ಸಂಗತಿ.

ಹತ್ತಿರದ ಪದಗಳಿಂದ ಇದನ್ನು ಬಿಡಿಸಿಕೊಳ್ಳಬೇಕು. ‘ಸಹನಟ’ ಎಂಬುದು ಜೊತೆಯಲ್ಲಿ ನಟಿಸಿದ ಯಾರಿಗಾದರೂ ಸಲ್ಲುವ ಪದ. ನಾಯಕನೂ ನಾಯಕಿಗೆ ಸಹನಟನೇ. ‘ಜೂನಿಯರ್ ಆರ್ಟಿಸ್ಟ್’ ಎಂದರೆ ಸಂತೆ, ಮೆರವಣಿಗೆ, ಮದುವೆ ಮನೆಯ ದೃಶ್ಯಗಳಲ್ಲಿ ಗುಂಪಾಗಿ ಕಾಣಿಸಿಕೊಳ್ಳುವವರು. ಪೋಷಕ ನಟನಿಗೆ ಹೆಸರುಳ್ಳ, ಮಾತುಳ್ಳ, ಕಥೆಯಲ್ಲಿ ಒಂದು ನೆಲೆಯುಳ್ಳ ಪಾತ್ರವಿರುತ್ತದೆ. ಗಾಂಧಿನಗರದ ಮಾತಿನಲ್ಲಿ ಇವರನ್ನು ‘ಕ್ಯಾರೆಕ್ಟರ್ ಆರ್ಟಿಸ್ಟ್’ ಎನ್ನುವುದುಂಟು. ಹಾಸ್ಯನಟ ಮತ್ತು ಖಳನಟರನ್ನು ಪತ್ರಿಕೆಗಳು ಬೇರೆಯಾಗಿ ಹೆಸರಿಸುವುದು ವಾಡಿಕೆಯಾದರೂ ಆ ಗೆರೆ ಗಟ್ಟಿಯಾದದ್ದಲ್ಲ ಎಂಬುದು ಮುಂದಿನ ಉದಾಹರಣೆಗಳಿಂದ ತಿಳಿಯುತ್ತದೆ.

ಪದ ಹೊಸದಿರಬಹುದು, ಪರಿಕಲ್ಪನೆ ಹಳೆಯದು. ಸಂಸ್ಕೃತ ನಾಟ್ಯಶಾಸ್ತ್ರ ಮುಖ್ಯ ಕಥೆಯ ಜೊತೆಗೆ ಬರುವ ಉಪಕಥೆಗಳನ್ನು ಎರಡಾಗಿ ವಿಂಗಡಿಸಿ, ದೂರದವರೆಗೆ ಜೊತೆಗೆ ಸಾಗುವುದನ್ನು ಪತಾಕೆ ಎಂದೂ, ಒಂದು ಕಡೆ ಬಂದು ಅಲ್ಲಿಯೇ ಮುಗಿಯುವುದನ್ನು ಪ್ರಕರಿ ಎಂದೂ ಕರೆಯಿತು. ರಾಮನ ಕಥೆಯಲ್ಲಿ ಸುಗ್ರೀವನದು ಪತಾಕೆ, ಜಟಾಯುವಿನದು ಪ್ರಕರಿ. ನಾಯಕನಿಗಿಂತ ಗುಣದಲ್ಲಿ ತುಸು ಕಡಿಮೆಯಾಗಿ, ಅವನಿಗೆ ಅನುಕೂಲನಾಗಿ ನಡೆಯುವ ಪತಾಕಾ ನಾಯಕನಿಗೆ ‘ಪೀಠಮರ್ದ’ ಎಂಬ ಹೆಸರೂ ಇತ್ತು. ಇಂದಿನ ಸಿನಿಮಾದಲ್ಲಿ ಕೊನೆಯವರೆಗೂ ನಾಯಕನ ಪಕ್ಕದಲ್ಲಿರುವ ಗೆಳೆಯನಿಗೂ, ಒಂದೇ ದೃಶ್ಯದಲ್ಲಿ ಬಂದು ಕಥೆಯ ದಿಕ್ಕು ತಿರುಗಿಸಿ ಹೋಗುವ ಅಂಚೆಯವನಿಗೂ ಪೋಷಕ ಪಾತ್ರ ಎಂಬ ಒಂದೇ ಹೆಸರನ್ನು ಕೊಡುತ್ತೇವೆ. ಜಟಾಯುವಿನ ಪ್ರಸಂಗ ಚಿಕ್ಕದು, ಆದರೆ ಅದಿಲ್ಲದೆ ಸೀತೆ ಹೋದ ದಿಕ್ಕು ರಾಮನಿಗೆ ತಿಳಿಯುವಂತಿಲ್ಲ. ಪ್ರಕರಿ ಎಂಬ ಹೆಸರು ಇಂಥ ಪಾತ್ರಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಕನ್ನಡ ಚಲನಚಿತ್ರದ ಮೊದಲ ತಲೆಮಾರಿನ ನಟರು ಬಹುಪಾಲು ವೃತ್ತಿ ನಾಟಕ ಕಂಪನಿಗಳಿಂದ ಬಂದವರು. ಕಂಪನಿಯಲ್ಲಿ ರಾಜಪಾರ್ಟು, ಸ್ತ್ರೀಪಾರ್ಟು, ಹಾಸ್ಯದ ಪಾರ್ಟು ಎಂಬ ಹಂಚಿಕೆಯಿದ್ದರೂ ಇಂದು ದೊರೆಯಾದವನು ನಾಳೆ ದೂತನಾಗಿ ನಿಲ್ಲಬೇಕಾಗುತ್ತಿತ್ತು. ಯಾವ ಪಾತ್ರಕ್ಕೂ ಸಿದ್ಧವಾಗಿರುವ, ಮಾತನ್ನು ಬಾಯಿಪಾಠ ಮಾಡಿಕೊಂಡೇ ಬರುವ ಈ ಶಿಸ್ತು ಸಿನಿಮಾಕ್ಕೆ ಬಹಳ ಉಪಯೋಗವಾಯಿತು. ಫಿಲ್ಮಿನ ಸುರುಳಿ ದುಬಾರಿಯಾಗಿದ್ದ ಕಾಲದಲ್ಲಿ ಮತ್ತೆ ಮತ್ತೆ ಟೇಕ್ ತೆಗೆದುಕೊಳ್ಳುವ ನಟನನ್ನು ನಿರ್ಮಾಪಕರು ಸಹಿಸುವಂತಿರಲಿಲ್ಲ. ನಾಯಕನ ಕಾಲ್‌ಶೀಟಿಗೆ ಹೊಂದಿಕೊಂಡು, ಎರಡು ಮೂರು ದಿನಗಳಲ್ಲಿ ತನ್ನ ಭಾಗವನ್ನಷ್ಟೂ ಮುಗಿಸಿಕೊಟ್ಟು, ಮರುದಿನ ಬೇರೊಂದು ಚಿತ್ರದ ಸೆಟ್ಟಿಗೆ ಹೋಗಬೇಕಾದ ಪೋಷಕ ನಟನಿಗೆ ಒಂದೇ ಟೇಕಿನಲ್ಲಿ ಸರಿಯಾಗಿ ಮಾಡುವುದು ಹೊಟ್ಟೆಪಾಡಿನ ವಿದ್ಯೆಯಾಗಿತ್ತು.

ಈ ಪದದ ಪೂರ್ಣ ಅರ್ಥವನ್ನು ಒಬ್ಬರೇ ವ್ಯಕ್ತಿಯಲ್ಲಿ ನೋಡಬೇಕೆಂದರೆ ಕೆ. ಎಸ್. ಅಶ್ವತ್ಥ್ ಅವರನ್ನು ನೋಡಬೇಕು. 1925ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಆಕಾಶವಾಣಿಯ ನಾಟಕಗಳಲ್ಲಿ ದನಿ ಕೊಡುತ್ತಿದ್ದವರು; 1955ರ ‘ಸ್ತ್ರೀರತ್ನ’ ಚಿತ್ರದಿಂದ ಪರದೆಗೆ ಬಂದರು. ಪೌರಾಣಿಕ ಚಿತ್ರಗಳಲ್ಲಿ ನಾರದನಾದರು, ಸಾಮಾಜಿಕ ಚಿತ್ರಗಳಲ್ಲಿ ತಂದೆಯಾದರು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ತಮಗಿಂತ ಬರೀ 4 ವರ್ಷ ಕಿರಿಯನಾದ ನಾಯಕನ ಎದುರು ಒಂದು ತಲೆಮಾರಿನಷ್ಟು ಹಿರಿಯನಾಗಿ ನಿಲ್ಲುವುದಕ್ಕೆ ಬಿಳಿಯ ವಿಗ್ಗು ಸಾಲದು; ನಡಿಗೆ, ಉಸಿರು, ಮಾತಿನ ನಡುವಿನ ನಿಲುಗಡೆ ಎಲ್ಲಕ್ಕೂ ವಯಸ್ಸಾಗಬೇಕು. ಅಶ್ವತ್ಥರಿಗೆ ಅದು ಒಲಿದಿತ್ತು, ಬಹುಶಃ ರೇಡಿಯೊ ಅವರಿಗೆ ದನಿಯೊಂದರಲ್ಲೇ ವಯಸ್ಸನ್ನು ತೋರಿಸುವುದನ್ನು ಕಲಿಸಿತ್ತು.

1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ಬಂತು. ತ. ರಾ. ಸು. ಅವರ ಕಥೆ, ಚಿತ್ರದುರ್ಗದ ಕೋಟೆ, ವಿಷ್ಣುವರ್ಧನ್ ಎಂಬ ಹೊಸ ನಾಯಕ. ರಾಮಾಚಾರಿ ಯಾರ ಮಾತನ್ನೂ ಕೇಳದ, ಕೋಪ ಬಂದರೆ ಹಿಡಿತಕ್ಕೆ ಸಿಗದ ಹುಡುಗ. ಅಂಥವನು ಪ್ರೀತಿಸಿದ ಹುಡುಗಿಯನ್ನು ಮೇಷ್ಟ್ರ ಒಂದು ಮಾತಿಗೆ ಬಿಟ್ಟುಕೊಡುತ್ತಾನೆ ಎಂಬುದನ್ನು ಪ್ರೇಕ್ಷಕ ನಂಬಬೇಕಾದರೆ, ಆ ಮೇಷ್ಟ್ರು ಅಂಥ ಮಾತಿಗೆ ಅರ್ಹರು ಎಂದು ಮೊದಲು ನಂಬಬೇಕು. ಆ ನಂಬಿಕೆಯನ್ನು ಹುಟ್ಟಿಸಿದ್ದು ಚಾಮಯ್ಯ ಮೇಷ್ಟ್ರಾಗಿ ನಟಿಸಿದ ಅಶ್ವತ್ಥರ ಮುಖ. ಅವರು ಹುಡುಗನನ್ನು ಬಯ್ಯುವಾಗಲೂ ಕಣ್ಣಿನಲ್ಲಿ ಹೆಮ್ಮೆ ಇರುತ್ತದೆ. ಅವನ ತ್ಯಾಗವನ್ನು ಕೇಳಿ ಪಡೆಯುವಾಗ ತಾವು ಮಾಡುತ್ತಿರುವುದು ಸರಿಯೋ ಎಂಬ ಅಳುಕಿನ ಎಳೆಯೊಂದು ದನಿಯಲ್ಲಿ ಸುಳಿಯುತ್ತದೆ. ಕೊನೆಯಲ್ಲಿ ಅದೇ ಬೆಟ್ಟದ ಮೇಲೆ ಗುರು ಬಿದ್ದು ಸಾಯುತ್ತಾನೆ, ಶಿಷ್ಯ ಹಿಂದೆಯೇ ಹೋಗುತ್ತಾನೆ. ರಾಮಾಚಾರಿಯ ಒಳ್ಳೆಯತನವನ್ನು ನಾವು ಕಂಡದ್ದು ಬಹುಮಟ್ಟಿಗೆ ಮೇಷ್ಟ್ರ ಕಣ್ಣಿನಿಂದ. ಪೋಷಿಸುವುದು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ನನಗೆ ತಿಳಿದಿಲ್ಲ. ಅದೇ ಚಿತ್ರದಲ್ಲಿ ಶಿವರಾಂ ವರದನಾಗಿದ್ದರು, ಲೀಲಾವತಿ ಮೇಷ್ಟ್ರ ಹೆಂಡತಿ ತುಂಗಮ್ಮನಾಗಿದ್ದರು, ಜಲೀಲನೆಂಬ ಪುಟ್ಟ ಪಾತ್ರದಲ್ಲಿ ಅಂಬರೀಷ್ ಮೊದಲ ಬಾರಿಗೆ ಕಾಣಿಸಿಕೊಂಡರು.

ಟಿ. ಎನ್. ಬಾಲಕೃಷ್ಣ ಅವರ ದಾರಿ ಇನ್ನೂ ಕಡಿದಾದದ್ದು. 1911ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿದ ಬಾಲಣ್ಣನವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ನಟನೆಯಲ್ಲಿ ಅರ್ಧ ಕೆಲಸ ಕೇಳಿಸಿಕೊಳ್ಳುವುದೇ ಆಗಿರುವಾಗ, ಎದುರಿನವರ ತುಟಿಯ ಚಲನೆ ನೋಡಿ ಮಾತು ಗ್ರಹಿಸಿ, ತಕ್ಕ ಕ್ಷಣಕ್ಕೆ ತನ್ನ ಮಾತನ್ನು ಜೋಡಿಸಿದ ಈ ನಟ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ದುಡಿದರು. ಅವರನ್ನು ಹಾಸ್ಯನಟ ಎನ್ನಬೇಕೋ ಖಳನಟ ಎನ್ನಬೇಕೋ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಕುತಂತ್ರದ ಶಾನುಭೋಗರಂಥ ಪಾತ್ರಗಳಲ್ಲಿ ನಗಿಸುತ್ತಲೇ ಹೇಸಿಗೆ ಹುಟ್ಟಿಸುತ್ತಿದ್ದ ಅವರೇ 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ ರಾಜೀವನ ಬೆನ್ನಿಗೆ ನಿಂತರು. ಕನ್ನಡ ಚಿತ್ರರಂಗ ಸಂಕಷ್ಟದಲ್ಲಿದ್ದಾಗ ರಾಜ್‌ಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಮತ್ತು ಬಾಲಕೃಷ್ಣ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿ, ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತೆರೆಗೆ ತಂದರು. ನಾಯಕನಟನೊಬ್ಬ, ಹಾಸ್ಯನಟನೊಬ್ಬ, ಪೋಷಕ ನಟನೊಬ್ಬ ಸಮಾನ ಪಾಲುದಾರರಾಗಿ ನಿಂತ ಆ ಪ್ರಸಂಗವನ್ನು ಈ ಪದದ ಚರಿತ್ರೆಯಲ್ಲಿ ಮರೆಯಬಾರದು. ಮುಂದೆ ಬಾಲಣ್ಣ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೊ ಕಟ್ಟಿದರು. ಬಾಲಣ್ಣ 1995ರಲ್ಲಿ ತೀರಿಕೊಂಡರು. 2009ರ ಕೊನೆಯಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಅದೇ ಸ್ಟುಡಿಯೊದ ನೆಲದಲ್ಲಿ.

ಪಾತ್ರ ಇನ್ನೂ ಚಿಕ್ಕದಾದಾಗ ಏನಾಗುತ್ತದೆ ಎಂಬುದಕ್ಕೆ ಲೋಕನಾಥ್ ಸಾಕ್ಷಿ. ಹವ್ಯಾಸಿ ರಂಗಭೂಮಿಯಿಂದ ಬಂದು, 1970ರ ‘ಸಂಸ್ಕಾರ’ದ ಮೂಲಕ ಸಿನಿಮಾ ಪ್ರವೇಶಿಸಿದ, ಎಲ್ಲರಿಗೂ ‘ಅಂಕಲ್ ಲೋಕನಾಥ್’ ಆಗಿದ್ದ ಇವರನ್ನು ಜನ ಇಂದಿಗೂ ನೆನೆಯುವುದು 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಉಪ್ಪಿನಕಾಯಿಯಿಂದ. ಗೊರೂರರ ಕಥೆಯನ್ನು ಆಧರಿಸಿದ ಆ ಚಿತ್ರ ಎರಡು ಮನೆತನಗಳ ದ್ವೇಷದ ಗಂಭೀರ ಕಥೆ. ಅದರ ನಡುವೆ ಉಪ್ಪಿನಕಾಯಿಯನ್ನು ಕಂಡರೆ ಬಾಯಿ ಕಟ್ಟಲಾರದ ಹಳ್ಳಿಗನೊಬ್ಬ ಕೆಲವೇ ನಿಮಿಷ ಕಾಣಿಸುತ್ತಾನೆ, ನೋಡುತ್ತ ಕೂತವರ ಬಾಯಲ್ಲೂ ನೀರೂರುತ್ತದೆ. ಕಥೆ ಮುಂದೆ ಸಾಗಲು ಆ ದೃಶ್ಯ ಬೇಕಿತ್ತೋ ಇಲ್ಲವೋ, ಆ ಊರು ನಿಜವಾದ ಊರು ಎನ್ನಿಸಲು ಬೇಕೇ ಬೇಕಿತ್ತು.

ಎಂ. ಎಸ್. ಉಮೇಶ್ ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದವರು. 1960ರ ‘ಮಕ್ಕಳ ರಾಜ್ಯ’ದಲ್ಲಿ ಬಾಲನಟನಾಗಿ ಬಂದು, ಬೆಳೆದ ಮೇಲೆ ನಗಿಸುವ ಚಿಕ್ಕ ಪಾತ್ರಗಳಲ್ಲಿ ನೆಲೆ ಕಂಡರು. ಆದರೆ ಅತ್ಯುತ್ತಮ ಪೋಷಕ ನಟ ಎಂಬ ರಾಜ್ಯ ಪ್ರಶಸ್ತಿ ಅವರಿಗೆ ಬಂದದ್ದು ಪುಟ್ಟಣ್ಣನವರ ‘ಕಥಾ ಸಂಗಮ’ದ ಪಾತ್ರಕ್ಕೆ, ಕುರುಡು ಹೆಣ್ಣುಮಗಳೊಬ್ಬಳ ಅಸಹಾಯಕತೆಯ ಆ ಕಥೆಯಲ್ಲಿ ಅವರದು ನಗೆ ತರಿಸುವ ಪಾತ್ರವಲ್ಲ. ಒಬ್ಬ ನಟನ ಮೇಲೆ ಬಿದ್ದ ಅಚ್ಚು ಎಷ್ಟು ಬಲವಾದದ್ದೆಂದರೆ, ಇಂಥ ಪಾತ್ರವೊಂದು ಅವರಿಗೆ ಸಿಕ್ಕಿತ್ತೆಂಬುದನ್ನೇ ನಾವು ಮರೆತುಬಿಟ್ಟಿದ್ದೇವೆ. ಒಂದು ಬಗೆಯ ಪಾತ್ರದಲ್ಲಿ ಗೆದ್ದರೆ ಮತ್ತೆ ಅದನ್ನೇ ಕೊಡುವುದು ಉದ್ಯಮದ ರೂಢಿ. ಅದರಿಂದ ಅನ್ನ ಸಿಗುತ್ತದೆ, ಹಸಿವು ಹೋಗುವುದಿಲ್ಲ.

‘ಪೋಷಕ ನಟಿ’ ಎಂಬ ಸ್ತ್ರೀರೂಪಕ್ಕೆ ಬೇರೆಯದೇ ಭಾರವಿದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ಜೋಡಿಯಾಗಿದ್ದ ಪಂಡರಿಬಾಯಿ 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ಅವರ ತಾಯಿ. ನಾಯಕ ನಾಯಕನಾಗಿಯೇ ಉಳಿದ ಆ 32 ವರ್ಷಗಳಲ್ಲಿ ನಾಯಕಿ ತಾಯಿಯಾಗಿದ್ದರು. ಅಶ್ವತ್ಥ್ ಮತ್ತು ಬಾಲಣ್ಣನವರ ಪಾಲಿಗೆ ಪೋಷಕ ಪಾತ್ರ ಒಂದು ವೃತ್ತಿಯಾಗಿತ್ತು. ಬಹಳ ಮಂದಿ ನಟಿಯರ ಪಾಲಿಗೆ ಅದು ವಯಸ್ಸು ತಂದೊಪ್ಪಿಸಿದ ಎರಡನೆಯ ಅಧ್ಯಾಯವಾಯಿತು. ಪಂಡರಿಬಾಯಿ ಮತ್ತು ಲೀಲಾವತಿ ಆ ಅಧ್ಯಾಯವನ್ನೂ ಘನತೆಯಿಂದ ಬರೆದರು ಎಂಬುದು ಅವರ ದೊಡ್ಡತನ, ವ್ಯವಸ್ಥೆಯದ್ದಲ್ಲ.

ಪ್ರಶಸ್ತಿಗಳ ಭಾಷೆಯಲ್ಲಿ ಪದ ಗಟ್ಟಿಯಾಗಲು ಸಮಯ ಹಿಡಿಯಿತು. ಅಮೆರಿಕದ ಅಕಾಡೆಮಿ 1936ರ ಚಿತ್ರಗಳಿಂದ ಪೋಷಕ ನಟನೆಗೆ ಪ್ರತ್ಯೇಕ ಮನ್ನಣೆ ಕೊಡತೊಡಗಿತು. ನಮ್ಮ ರಾಷ್ಟ್ರಪ್ರಶಸ್ತಿಗಳಲ್ಲಿ ಆ ವಿಭಾಗ ಬಂದದ್ದು 1984ರ ಚಿತ್ರಗಳಿಂದ. ವಾಯುಪಡೆಯಲ್ಲಿದ್ದು ಬಂದು ನಡುವಯಸ್ಸಿನಲ್ಲಿ ಸಿನಿಮಾ ಹಿಡಿದ ಎಚ್. ಜಿ. ದತ್ತಾತ್ರೇಯ, ಅಂದರೆ ನಮ್ಮ ದತ್ತಣ್ಣ, 2000ದ ‘ಮುನ್ನುಡಿ’ ಚಿತ್ರಕ್ಕಾಗಿ ಅದನ್ನು ಪಡೆದರು. ಕರ್ನಾಟಕ ಸರ್ಕಾರ ಅತ್ಯುತ್ತಮ ಪೋಷಕ ನಟನಿಗೆ ಕೊಡುವ ಪ್ರಶಸ್ತಿಗೆ ಈಗ ಕೆ. ಎಸ್. ಅಶ್ವತ್ಥ್ ಅವರ ಹೆಸರಿದೆ. ಇತ್ತೀಚೆಗೆ ಪತ್ರಿಕೆಗಳಲ್ಲಿ ‘ಪೋಷಕ ಕಲಾವಿದರು’ ಎಂಬ, ಗಂಡುಹೆಣ್ಣಿನ ಭೇದವಿಲ್ಲದ ರೂಪವೂ ಕಾಣುತ್ತಿದೆ. ಅದು ನಿಲ್ಲಬಹುದಾದ ಪ್ರಯೋಗ.

ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಅಶ್ವತ್ಥ್ ಮೈಸೂರಿನಲ್ಲಿ ತೀರಿಕೊಂಡದ್ದು 2010ರ ಜನವರಿ 18ರಂದು. ಆ ಸುದ್ದಿ ಬಂದ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಅಶ್ವತ್ಥ್ ಎಂಬ ಹೆಸರು ಹೇಳಲಿಲ್ಲ. ಅಜ್ಜಿ ಟಿ.ವಿ.ಯ ಮುಂದೆ ನಿಂತು, “ಮೇಷ್ಟ್ರೂ ಹೋದ್ರಂತೆ ಕಣೋ” ಎಂದರು.