ಕೂದಲಿಗೆ ಬಣ್ಣ ಹಚ್ಚಿದಿರಿ, ಬಾಯಿ ನೋಡಿಕೊಂಡಿರಾ?

ಮನೆಯಲ್ಲಿ ಮದುವೆ ಗೊತ್ತಾದ ಮೇಲೆ ಹಿರಿಯರ ಕೆಲಸಗಳ ಸಾಲಿನಲ್ಲಿ ಹಲ್ಲು ಯಾವಾಗಲೂ ಕೊನೆಗೆ ಬರುತ್ತದೆ. ಕೂದಲಿಗೆ ಬಣ್ಣ ಆಯಿತು, ಫೇಶಿಯಲ್ ಆಯಿತು, ಕೊಪ್ಪಿಕರ್ ರೋಡಿನಲ್ಲಿ ಬಟ್ಟೆ ಖರೀದಿ ಆಯಿತು. ಇನ್ನೇನು ವಾರ ಉಳಿದಿದೆ ಎನ್ನುವಾಗ ನಮ್ಮ ಕಡೆ ಬರುತ್ತಾರೆ. "ಡಾಕ್ಟರ್, ಫೋಟೊದಾಗ ಭಾಳ ವಯಸ್ಸಾದಂಗ ಕಾಣತೀನ್ರಿ, ಏನರ ಮಾಡ್ರಿ" ಅಂತಾರೆ. ವಯಸ್ಸು ಕೇಳಿದರೆ ಇನ್ನೂ ಐವತ್ತು ದಾಟಿರುವುದಿಲ್ಲ. ಬಾಯಿ ತೆರೆಸಿ ನೋಡಿದರೆ ಎರಡೂ ಕಡೆ ಹಿಂದಿನ ದವಡೆ ಹಲ್ಲುಗಳ ಜಾಗ ಖಾಲಿ.

ನಾನು ಹುಬ್ಬಳ್ಳಿಯಲ್ಲಿ ಹಲ್ಲು ಕಟ್ಟುವ ವೈದ್ಯೆ. ಅಂದರೆ ಹೋದ ಹಲ್ಲಿನ ಜಾಗಕ್ಕೆ ಹೊಸದು ಕೂಡಿಸುವುದು ನನ್ನ ಕೆಲಸ. ಧಾರವಾಡ, ಗದಗ, ಹಾವೇರಿ ಕಡೆಯಿಂದಲೂ ಜನ ಬರುತ್ತಾರೆ. ಅವರನ್ನು ನೋಡಿ ನೋಡಿ ನನಗೆ ಗಟ್ಟಿಯಾಗಿ ಅನಿಸಿದ್ದು ಇದು: ನಮ್ಮ ಭಾಗದಲ್ಲಿ ಮುಖಕ್ಕೆ ವಯಸ್ಸು ಬರುವುದು ಬಾಯಿಯಿಂದ. ಬಿಳಿ ಕೂದಲು, ಹಣೆಯ ಗೆರೆ ಎಲ್ಲ ಆಮೇಲಿನ ಮಾತು. ಬಾಯಿಗೆ ಬರುವ ಆ ವಯಸ್ಸಿನಲ್ಲಿ ಬಹಳಷ್ಟು ನಾವೇ ರೂಢಿ ಮಾಡಿಕೊಂಡ ಅಭ್ಯಾಸದ್ದು.

ಮುಖವನ್ನು ನಾವು ಮೂರು ಪಾಲು ಮಾಡಿ ನೋಡುತ್ತೇವೆ. ಕೂದಲಿನ ಅಂಚಿನಿಂದ ಹುಬ್ಬಿನವರೆಗೆ ಒಂದು, ಹುಬ್ಬಿನಿಂದ ಮೂಗಿನ ಬುಡಕ್ಕೆ ಎರಡನೆಯದು, ಅಲ್ಲಿಂದ ಗದ್ದದ ತುದಿಗೆ ಮೂರನೆಯದು. ಈ ಮೂರನೇ ಪಾಲಿನ ಎತ್ತರ ನಿಂತಿರುವುದೇ ಹಲ್ಲಿನ ಮೇಲೆ. ತುಟಿ, ಕೆನ್ನೆಗಳನ್ನು ಒಳಗಿನಿಂದ ಎತ್ತಿ ಹಿಡಿದಿರುವುದೂ ಹಲ್ಲೇ, ಪೆಂಡಾಲಿನ ಬಟ್ಟೆಯನ್ನು ಕಂಬ ಹಿಡಿದಂತೆ. ಹಲ್ಲು ಹೋದರೆ ಕೆನ್ನೆ ಒಳಗೆ ಬೀಳುತ್ತದೆ, ತುಟಿ ತೆಳ್ಳಗಾಗಿ ಮಡಚಿಕೊಳ್ಳುತ್ತದೆ, ಮೂಗಿನ ಪಕ್ಕದ ಗೆರೆ ಆಳವಾಗುತ್ತದೆ. ಎಲ್ಲ ಹಲ್ಲೂ ಹೋದಾಗ ಮೂಗು ಮತ್ತು ಗದ್ದ ಹತ್ತಿರ ಬಂದು, ಗದ್ದ ಮುಂದಕ್ಕೆ ಚಾಚಿದಂತೆ ಕಾಣುತ್ತದೆ. ಬೊಚ್ಚುಬಾಯಿ ಅಜ್ಜ-ಅಜ್ಜಿಯ ಚಿತ್ರ ಬರೆಯಲು ಮಕ್ಕಳಿಗೆ ಹೇಳಿ ನೋಡಿ, ಸರಿಯಾಗಿ ಇದನ್ನೇ ಬರೆಯುತ್ತಾರೆ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಅಭ್ಯಾಸ ಯಾವುದು ಗೊತ್ತಾ? "ನೋವು ಬಂದೈತಿ, ಕಿತ್ತು ಬಿಡ್ರಿ" ಎನ್ನುವುದು. ಕೀಳಿಸಿದ ಮೇಲೆ ಆ ಜಾಗವನ್ನು ಹಾಗೇ ಬಿಡುವುದು. ಹಿಂದಿನ ಹಲ್ಲು ಯಾರಿಗೆ ಕಾಣುತ್ತದೆ ಎಂಬ ಲೆಕ್ಕ. ಆದರೆ ಹಲ್ಲು ಕಿತ್ತ ದಿನದಿಂದಲೇ ಅದರ ಸುತ್ತಲಿನ ಎಲುಬು ಕರಗಲು ಶುರುವಾಗುತ್ತದೆ. ಮೊದಲ ಒಂದು ವರ್ಷದಲ್ಲಿ ಆ ಎಲುಬಿನ ಅಗಲ ಅರ್ಧದಷ್ಟು ಕಡಿಮೆಯಾಗಬಹುದು. ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಎದುರಿನ ಹಲ್ಲಿಗೆ ತಡೆ ಇಲ್ಲದೆ ಅದು ಉದ್ದಕ್ಕೆ ಇಳಿಯುತ್ತದೆ ಅಥವಾ ಏರುತ್ತದೆ. ನೋವಿಲ್ಲದ ಕಡೆಯಲ್ಲೇ ಅಗಿಯುವ ರೂಢಿ ಬೀಳುತ್ತದೆ, ಆ ಕಡೆಯ ಹಲ್ಲು ಬೇಗ ಸವೆಯುತ್ತದೆ. ಒಂದು ಹಲ್ಲಿನಿಂದ ಶುರುವಾದದ್ದು ಹತ್ತು ವರ್ಷದಲ್ಲಿ ಇಡೀ ಬಾಯಿಯ ಅಳತೆಯನ್ನೇ ಕೆಡಿಸುತ್ತದೆ.

ಹೀಗೆ ಎಲ್ಲರಿಗಿಂತ ಮೊದಲು ಹೋಗುವ ಹಲ್ಲು ಹೆಚ್ಚಾಗಿ ಮೊದಲ ದವಡೆ ಹಲ್ಲು. ಅದು ಹುಟ್ಟುವುದು ಆರನೇ ವಯಸ್ಸಿನ ಸುಮಾರಿಗೆ, ಯಾವ ಹಾಲು ಹಲ್ಲೂ ಬೀಳದೆ, ಸಾಲಿನ ಹಿಂದೆ ಸದ್ದಿಲ್ಲದೆ ಬರುತ್ತದೆ. ಹಾಗಾಗಿ ತಂದೆ-ತಾಯಿ ಅದನ್ನೂ ಹಾಲು ಹಲ್ಲು ಎಂದೇ ತಿಳಿಯುತ್ತಾರೆ. ಹುಳುಕಾದರೂ "ಬಿದ್ದು ಮತ್ತ ಬರತೈತಿ" ಎಂದು ಸುಮ್ಮನಿರುತ್ತಾರೆ. ಅದು ಮತ್ತೆ ಬರುವುದಿಲ್ಲ. ನಲವತ್ತರಲ್ಲಿ ಕೆನ್ನೆ ಒಳಗೆ ಹೋಗಿ ನನ್ನ ಮುಂದೆ ಕೂತವರ ಕಥೆ ಎಷ್ಟೋ ಸಲ ಒಂದನೇ ಇಯತ್ತೆಯ ಆ ಹುಳುಕು ಹಲ್ಲಿನಿಂದಲೇ ಶುರುವಾಗಿರುತ್ತದೆ. ನಿಮ್ಮ ಮನೆಯಲ್ಲಿ ಆರೇಳು ವರ್ಷದ ಮಗು ಇದ್ದರೆ ಇವತ್ತೇ ಟಾರ್ಚ್ ಹಿಡಿದು ಸಾಲಿನ ಕೊನೆಯ ಹಲ್ಲನ್ನು ನೋಡಿ.

ಹಲ್ಲು ಹೋದವರು ಊಟವನ್ನೂ ಬದಲಿಸುತ್ತಾರೆ. ಮೊದಲು ಕಡಕ್ ರೊಟ್ಟಿ ಬಿಡುತ್ತಾರೆ. ಆಮೇಲೆ ಹುರಿದ ಶೇಂಗಾ, ರೊಟ್ಟಿ ಜೊತೆಗಿನ ಹಸಿ ಮೆಂತ್ಯ, ಗಜ್ಜರಿ, ಸೌತೆಕಾಯಿ. ಕೊನೆಗೆ ಮೆತ್ತನ್ನ ಅನ್ನ-ಸಾರು, ಚಹಾದಲ್ಲಿ ಅದ್ದಿದ ಬಿಸ್ಕಿಟು. "ವಯಸ್ಸಾತಲ್ರಿ, ಇನ್ನ ರೊಟ್ಟಿ ಎಲ್ಲಿ" ಎನ್ನುವ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಬಾಯಿ ಸರಿ ಇದ್ದರೆ ಎಪ್ಪತ್ತರಲ್ಲೂ ರೊಟ್ಟಿ ತಿನ್ನಬಹುದು, ತಿನ್ನುವವರನ್ನು ನೋಡಿದ್ದೇನೆ.

ಇನ್ನು ಅಡಿಕೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಕರ್ನಾಟಕದಲ್ಲಿ ಗುಟ್ಕಾ ಮಾರಾಟ 2013ರಲ್ಲೇ ನಿಷೇಧವಾಗಿದೆ. ಆದರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಅಂಗೈಯಲ್ಲಿ ಕೂಡಿಸಿಕೊಳ್ಳುವುದು ನಡೆದೇ ಇದೆ. ನಮ್ಮಲ್ಲಿಗೆ ಬರುವ ಇಪ್ಪತ್ತೈದರ ಹುಡುಗರಲ್ಲಿ ಕೆಲವರ ಮುಖ ನಲವತ್ತರಂತೆ ಕಾಣುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಯುವಂತೆ ಮಾಡುತ್ತದೆ. ಮೆತ್ತಗೆ ಹಿಗ್ಗಬೇಕಾದ ಕೆನ್ನೆ ಬಿಗಿದ ಪಟ್ಟಿಯಂತಾಗುತ್ತದೆ, ಒಳಗೆ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಕೆನ್ನೆ ಬತ್ತಿ ದವಡೆ ಎಲುಬು ಎದ್ದು ಕಾಣುತ್ತದೆ, ನಗು ಅಗಲ ಆಗುವುದಿಲ್ಲ. ಮೊದಲ ಸೂಚನೆ ಎಂದರೆ ಖಾರ ತಾಳದಿರುವುದು. ಚಿಕ್ಕಂದಿನಿಂದ ಗಿರಮಿಟ್ಟು-ಮಿರ್ಚಿ ತಿಂದು ಬೆಳೆದ ಹುಡುಗ ಒಂದು ದಿನ ಮಿರ್ಚಿ ಬಾಯಿಗಿಟ್ಟರೆ ಬಾಯಿ ಉರಿ ಉರಿ ಅನ್ನುತ್ತಾನೆ. ಹೊಟ್ಟೆಯ ಕಾವು ಎಂದುಕೊಂಡು ಮಜ್ಜಿಗೆ ಕುಡಿಯುತ್ತಾನೆ, ಚೀಟಿ ಬಿಡುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ನಡುವಿನ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು, ಮೇಲಿನ-ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಮೂರೂ ಬೆರಳು ಹೋಗಬೇಕು. ಎರಡೇ ಹೋದರೆ, ಅದರಲ್ಲೂ ಅಡಿಕೆ ಅಭ್ಯಾಸ ಇದ್ದರೆ, ತಡ ಮಾಡಬೇಡಿ. ಒಮ್ಮೆ ಬೆಳೆದ ನಾರು ತಾನಾಗಿ ಪೂರ್ತಿ ಕರಗುವುದಿಲ್ಲ. ಅಡಿಕೆ ಬಿಟ್ಟರೆ ಮುಂದೆ ಬಿಗಿಯುವುದಕ್ಕೆ ತಡೆ ಬೀಳುತ್ತದೆ. ಬಾಯಿ ತೆರೆಯುವ ವ್ಯಾಯಾಮ, ಇಂಜೆಕ್ಷನ್ನು, ಜಾಸ್ತಿ ಬಿಗಿದಿದ್ದರೆ ಆಪರೇಶನ್, ಹೀಗೆ ಚಿಕಿತ್ಸೆ ಇದೆ. ಈ ಸ್ಥಿತಿಯಿಂದ ಬಾಯಿ ಕ್ಯಾನ್ಸರ್ ಆಗುವ ಅಪಾಯವೂ ಇರುವುದರಿಂದ ಇದು ಬರೀ ಚೆಂದದ ಮಾತಲ್ಲ. "ತಂಬಾಕು ಇಲ್ರಿ, ಬರೀ ಅಡಿಕಿ" ಎನ್ನುವವರಿಗೂ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಹಾನಗಲ್ಲ ಕಡೆಯ ಅಡಿಕೆ ಬೆಳೆಗಾರರೂ ನನ್ನ ಬಳಿ ಬರುತ್ತಾರೆ. ಅವರಿಗೆ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು.

ಕೆಲವರ ಹಲ್ಲಿನ ಕಲೆಗೆ ಅವರ ಅಭ್ಯಾಸ ಕಾರಣವೇ ಅಲ್ಲ. ಗದಗ ಜಿಲ್ಲೆಯ ಮುಂಡರಗಿ ಕಡೆಯಿಂದ ಬರುವ ಹುಡುಗಿಯರು ಮಾತಾಡುವಾಗ ಬಾಯಿಗೆ ಅಡ್ಡ ಕೈ ಇಡುತ್ತಾರೆ. ಕಂದು ಗೆರೆ ಬಿದ್ದ ಹಲ್ಲು. ಎಲೆ-ಅಡಿಕೆ ಮುಟ್ಟಿದವರೇ ಅಲ್ಲ. ಅದು ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅದಕ್ಕಿಂತ ಹೆಚ್ಚಿದ್ದ ನೀರನ್ನು ಎಂಟು ವರ್ಷದ ಒಳಗೆ, ಅಂದರೆ ಹಲ್ಲು ಎಲುಬಿನ ಒಳಗೆ ತಯಾರಾಗುವ ಕಾಲದಲ್ಲಿ ಕುಡಿದರೆ ಕಲೆ ಉಳಿಯುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರ್‌ಓ ಘಟಕದ ನೀರೇ ಬೇಕು. ಈ ಮಕ್ಕಳಿಗೆ "ಸರಿಯಾಗಿ ಹಲ್ಲು ತಿಕ್ಕೋದಿಲ್ಲ" ಎಂದು ಬೈಯುವುದು ಅನ್ಯಾಯ. ತಿಕ್ಕಿದರೆ ಹೋಗುವ ಕಲೆ ಅಲ್ಲ ಅದು. ಆದರೆ ಗುಣ ಕಾಣದ್ದೂ ಅಲ್ಲ. ಹಗುರ ಕಲೆಯಾದರೆ ಮೇಲ್ಪದರ ನಯವಾಗಿ ಉಜ್ಜಿ, ಬ್ಲೀಚ್ ಮಾಡಿ ತಿಳಿ ಮಾಡಬಹುದು. ಗಾಢ ಕಲೆಯಾದರೆ ಮೇಲೆ ತೆಳು ಹೊದಿಕೆ ಕೊಡುತ್ತೇವೆ. ಆಮೇಲೆ ಆ ಕೈ ಬಾಯಿಯಿಂದ ಇಳಿಯಲು ತಿಂಗಳುಗಳೇ ಬೇಕಾಗುತ್ತವೆ. ರೂಢಿ ಅಷ್ಟು ಗಟ್ಟಿ.

ತಿಕ್ಕುವ ಬಗ್ಗೆಯೂ ಒಂದು ಮಾತು. ಮಿಶ್ರಿ, ಇದ್ದಿಲು, ಇಟ್ಟಂಗಿ ಪುಡಿ, ಗಟ್ಟಿ ಬ್ರಷ್ಷು ಇವೆಲ್ಲ ಹಲ್ಲನ್ನು ಬೆಳ್ಳಗೆ ಮಾಡುವುದಿಲ್ಲ. ಹಲ್ಲಿನ ಬಿಳಿ ಹೊರಪದರವನ್ನು ಸವೆಸುತ್ತವೆ. ಅದರ ಒಳಗಿನ ಪದರ ಹಳದಿ. ಹಾಗಾಗಿ ಜೋರಾಗಿ ತಿಕ್ಕಿದಷ್ಟೂ ಹಲ್ಲು ಹಳದಿಯಾಗುತ್ತದೆ, ಒಸಡು ಮೇಲಕ್ಕೆ ಸರಿಯುತ್ತದೆ. ಮಿಶ್ರಿ ಅಂತೂ ಸುಟ್ಟ ತಂಬಾಕೇ, ಅದು ಔಷಧ ಅಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಎಂಬ ಹೆದರಿಕೆಯೂ ಇದೆ. ಸಡಿಲ ಆಗಿರುವುದು ಹಲ್ಲಿನ ಬುಡದಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ಕೊಳೆಯಿಂದ, ಅಂದರೆ ಗಾರೆಯಿಂದ, ಎಲುಬು ಕರಗಿದ್ದಕ್ಕೆ. ಗಾರೆ ತೆಗೆದಾಗ ಅದು ಗೊತ್ತಾಗುತ್ತದೆ, ಅಷ್ಟೇ. ಬೀಡಿ-ಸಿಗರೇಟು ಸೇದುವವರಲ್ಲಿ ಒಸಡಿನಿಂದ ರಕ್ತ ಬರುವುದೂ ಕಡಿಮೆ, ಯಾಕಂದ್ರೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅವರು ಒಸಡು ಚೆನ್ನಾಗಿದೆ ಎಂದೇ ತಿಳಿದಿರುತ್ತಾರೆ.

ಕಡೆಗೆ ಹಲ್ಲು ಕಟ್ಟಿಸಿಕೊಳ್ಳುವಾಗ ಮಾಡುವ ಆಯ್ಕೆಯ ವಿಷಯ. ವಯಸ್ಸು ಕಡಿಮೆ ಕಾಣಲಿ ಎಂದು ಮಾಡಿಸಿದ್ದೇ ವಯಸ್ಸು ಹೆಚ್ಚಿಸುವುದು ಇಲ್ಲಿಯೇ.

ಬಣ್ಣ ಆರಿಸಲು ನಮ್ಮಲ್ಲಿ 16 ಛಾಯೆಗಳ ಒಂದು ಪಟ್ಟಿ ಇರುತ್ತದೆ. ಅದನ್ನು ಕೈಗೆ ಕೊಟ್ಟರೆ ಹೆಚ್ಚಿನವರು ತೀರ ಬೆಳ್ಳಗಿನದನ್ನೇ ತೋರಿಸುತ್ತಾರೆ. ಅರವತ್ತರ ಗೋಧಿ ಬಣ್ಣದ ಮುಖಕ್ಕೆ ಆ ಬಿಳಿ ಕೂಡಿಸಿದರೆ ಎಲ್ಲರ ಕಣ್ಣೂ ನೇರ ಹಲ್ಲಿಗೆ ಹೋಗುತ್ತದೆ, ಕಟ್ಟಿಸಿದ ಹಲ್ಲಿನ ಸೆಟ್ ಎಂದು ದೂರದಿಂದಲೇ ಗೊತ್ತಾಗುತ್ತದೆ. ಸೆಟ್ ಎಂದ ಕೂಡಲೇ ಮುದುಕರು ಎಂದಾಯಿತು. ಮೀಸೆಗೆ ಕಡುಗಪ್ಪು ಬಣ್ಣ ಹಚ್ಚುವುದರಲ್ಲೂ ಇದೇ ತೊಂದರೆ. ಹಾಗಾಗಿ ನಾನು ಬಣ್ಣವನ್ನು ಕಿಟಕಿಯ ಹಗಲು ಬೆಳಕಿನಲ್ಲಿ ನೋಡುತ್ತೇನೆ. ಹೆಂಗಸರು ಲಿಪ್‌ಸ್ಟಿಕ್ ಒರೆಸಿಕೊಳ್ಳಬೇಕು. ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲೆ ಬೂದು ಬಟ್ಟೆ ಹೊದಿಸುತ್ತೇನೆ, ಇಲ್ಲವಾದರೆ ಆ ಕೆಂಪು ನನ್ನ ಕಣ್ಣನ್ನು ದಾರಿ ತಪ್ಪಿಸುತ್ತದೆ. ಒಂದೇ ಹಲ್ಲನ್ನು ದಿಟ್ಟಿಸುತ್ತಿದ್ದರೆ ಕೆಲವೇ ಸೆಕೆಂಡಿನಲ್ಲಿ ಕಣ್ಣು ದಣಿಯುತ್ತದೆ, ನಡುನಡುವೆ ಬೇರೆ ಕಡೆ ನೋಡಿ ಮತ್ತೆ ಹೋಲಿಸಬೇಕು. ಕಣ್ಣಿನ ಬಿಳಿಗಿಂತ ಹಲ್ಲು ತೀರ ಬೆಳ್ಳಗಾಗದಂತೆ ನೋಡಿಕೊಳ್ಳುತ್ತೇನೆ.

ಸಾಲಿಗಿಂತ, ಬಣ್ಣಕ್ಕಿಂತ ಮುಖ್ಯ ಎಂದರೆ ಹಲ್ಲು ಎಷ್ಟು ಕಾಣಬೇಕು ಎಂಬುದು. ತುಟಿ ಸಡಿಲ ಬಿಟ್ಟಾಗ ಯುವಕರಲ್ಲಿ ಮೇಲಿನ ಮುಂದಿನ ಹಲ್ಲು ಎರಡು-ಮೂರು ಮಿಲಿಮೀಟರ್ ಕಾಣುತ್ತದೆ. ವಯಸ್ಸಾದಂತೆ ತುಟಿ ಜೋಲುತ್ತದೆ, ಮೇಲಿನ ಹಲ್ಲು ಮರೆಯಾಗಿ ಕೆಳಗಿನದು ಹೆಚ್ಚು ಕಾಣಲು ಶುರುವಾಗುತ್ತದೆ. ಈ ಒಂದೆರಡು ಮಿಲಿಮೀಟರ್ ಸರಿ ಕೂಡಿಸಿದರೆ ಯಾವ ಫೇಶಿಯಲ್ ಕೊಡದ ವ್ಯತ್ಯಾಸ ಬರುತ್ತದೆ. ಅದಕ್ಕೇ ಹಳೆಯ ಫೋಟೊ ತರಲು ಹೇಳುತ್ತೇನೆ. ನಮ್ಮ ಕಡೆ ಮದುವೆ ಫೋಟೊದಲ್ಲಿ ಯಾರೂ ಬಾಯಿ ಬಿಚ್ಚಿ ನಕ್ಕಿರುವುದಿಲ್ಲ. ಜಾತ್ರೆಯಲ್ಲೋ, ಕಾಲೇಜಿನಲ್ಲೋ ತೆಗೆದದ್ದು ಸಿಕ್ಕರೆ ಹಲ್ಲಿನ ಆಕಾರ, ಸಣ್ಣ ಸಂದು, ಸ್ವಲ್ಪ ಸೊಟ್ಟ ಇದ್ದದ್ದು ಎಲ್ಲ ಗೊತ್ತಾಗುತ್ತದೆ. ಆ ಸೊಟ್ಟವನ್ನು ಹಾಗೇ ಉಳಿಸಿಕೊಳ್ಳಿ ಎನ್ನುತ್ತೇನೆ. ನಿಮ್ಮ ಮುಖ ನಿಮ್ಮದಾಗಿ ಕಾಣುವುದು ಅದರಿಂದಲೇ.

ಸೆಟ್ ಹಾಕಿಸಿಕೊಂಡು ಹದಿನೈದು-ಇಪ್ಪತ್ತು ವರ್ಷ ಅದನ್ನೇ ಬಳಸುವವರಿದ್ದಾರೆ. "ಇನ್ನೂ ಗಟ್ಟಿ ಐತ್ರಿ" ಅಂತಾರೆ. ಅಷ್ಟು ಹೊತ್ತಿಗೆ ಸೆಟ್ಟಿನ ಪ್ಲಾಸ್ಟಿಕ್ ಹಲ್ಲು ಸವೆದಿರುತ್ತದೆ, ಕೆಳಗಿನ ಎಲುಬೂ ಕರಗಿರುತ್ತದೆ. ಮುಖದ ಎತ್ತರ ಮತ್ತೆ ಕುಸಿದು ಬಾಯಿಯ ಮೂಲೆ ಮಡಚಿಕೊಂಡು, ಜೊಲ್ಲು ನಿಂತು ಹುಣ್ಣಾಗುತ್ತದೆ. ಆ ಹುಣ್ಣಿಗೆ ವಿಟಮಿನ್ ಗುಳಿಗೆ ನುಂಗುತ್ತಾ ಇರುತ್ತಾರೆ. ಗುಳಿಗೆಯಿಂದ ಮಾಯದಿದ್ದರೆ ಸೆಟ್ ಅಳತೆ ಮಾಡಿಸಬೇಕು. ವರ್ಷಕ್ಕೊಮ್ಮೆ ತೋರಿಸಿ, ಸಡಿಲವಾದರೆ ಒಳಗೆ ಹೊಸ ಪದರ ಹಾಕಿಸಬಹುದು. ರಾತ್ರಿ ತೆಗೆದು ನೀರಿನಲ್ಲಿಡಿ. ತೊಳೆಯಲು ಮೆತ್ತನ್ನ ಬ್ರಷ್ಷು, ಸಾಬೂನು ಸಾಕು. ಪೇಸ್ಟಿನಿಂದ ತಿಕ್ಕಿದರೆ ಗೆರೆ ಬಿದ್ದು ಅದರಲ್ಲಿ ಕೊಳೆ ಕೂರುತ್ತದೆ. ಮದುವೆಗಾಗಿ ಹೊಸದು ಮಾಡಿಸುವುದಿದ್ದರೆ ವಾರದ ಮುಂಚೆ ಬರಬೇಡಿ, ಮೂರು ತಿಂಗಳ ಮುಂಚೆ ಬನ್ನಿ. ಸೆಟ್ ಕೂಡಿಸಿದ ಮೇಲೆ ಒತ್ತುವ ಕಡೆ ಸರಿಪಡಿಸಲು, "ಸ", "ಫ" ತಡವರಿಸದಂತೆ ನಾಲಿಗೆ ಪಳಗಲು, ಮತ್ತೆ ರೊಟ್ಟಿ ಮುರಿಯಲು ಅಷ್ಟು ಸಮಯ ಬೇಕು.