ಗುರಿ ಬರೆದಿಟ್ಟರೆ ಸಾಲದು, ಗಳಿಗೆ ಗೊತ್ತುಮಾಡಿ

1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದವರಲ್ಲಿ ಶೇ. 3ರಷ್ಟು ಮಂದಿ ಮಾತ್ರ ತಮ್ಮ ಗುರಿಗಳನ್ನು ಬರೆದಿಟ್ಟುಕೊಂಡಿದ್ದರಂತೆ. ಇಪ್ಪತ್ತು ವರ್ಷದ ಮೇಲೆ ನೋಡಿದರೆ ಉಳಿದ ಶೇ. 97 ಮಂದಿಯ ಒಟ್ಟು ಆಸ್ತಿಗಿಂತ ಈ ಕೆಲವರ ಆಸ್ತಿಯೇ ಹೆಚ್ಚಿತ್ತಂತೆ. ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಈ ಕಥೆ ದಶಕಗಳಿಂದ ಓಡಾಡುತ್ತಿದೆ. ಅಂಥ ಅಧ್ಯಯನ ನಡೆದೇ ಇಲ್ಲ. ಯೇಲ್‌ನವರೇ ದಾಖಲೆ ಹುಡುಕಿ, ಹಾಗೊಂದು ಇಲ್ಲವೆಂದು ಹೇಳಿಯಾಗಿದೆ. ಈ ಸುಳ್ಳನ್ನು ಬಯಲು ಮಾಡಲೇಬೇಕಾದ ಕಾರಣವೇನೆಂದರೆ, ಇದನ್ನು ನಂಬಿದವರು ಡೈರಿಯ ಮೊದಲ ಪುಟದಲ್ಲಿ ದೊಡ್ಡ ಗುರಿಯೊಂದನ್ನು ಬರೆದು ಅಲ್ಲಿಗೆ ಕೆಲಸ ಅರ್ಧ ಮುಗಿಯಿತೆಂದು ತಿಳಿಯುತ್ತಾರೆ. ನಿಜವಾಗಿ ನಡೆದ ಪ್ರಯೋಗಗಳು ಹೇಳುವುದು ಬೇರೆಯದೇ ಸಂಗತಿ.

2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದನ್ನು ನೋಡಿ. ಸಾರಾ ಮಿಲ್ನ್ ಮತ್ತು ಸಂಗಡಿಗರು 248 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಬೆವರು ಹರಿಯುವಷ್ಟು ವ್ಯಾಯಾಮ ಮಾಡಬೇಕು, ಅಷ್ಟೇ. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ಓದಿಸಿದರು. ಮೂರನೆಯವರು ಅದನ್ನು ಓದಿದ್ದಲ್ಲದೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂದು ಒಂದು ವಾಕ್ಯ ಬರೆದರು. ಮೊದಲ ಗುಂಪಿನಲ್ಲಿ ವ್ಯಾಯಾಮ ಮಾಡಿದವರು ಶೇ. 38, ಓದಿ ಉತ್ಸಾಹ ತುಂಬಿಕೊಂಡವರಲ್ಲಿ ಶೇ. 35, ವಾಕ್ಯ ಬರೆದವರಲ್ಲಿ ಶೇ. 91. ಎರಡನೆಯ ಗುಂಪಿನವರ ಉತ್ಸಾಹವೇನೋ ಏರಿತ್ತು, ಕಾಲು ಮಾತ್ರ ಏಳಲಿಲ್ಲ.

91 ಎಂಬ ಸಂಖ್ಯೆಗೆ ಮಾರುಹೋಗಬೇಡಿ. ಅದು ಒಂದೇ ವಾರದ, ವಿದ್ಯಾರ್ಥಿಗಳೇ ಕೊಟ್ಟ ಲೆಕ್ಕ. 2011ರಲ್ಲಿ ಕ್ಯಾಥರೀನ್ ಮಿಲ್ಕ್‌ಮನ್ ತಂಡ ಒಂದು ಕಂಪನಿಯ ನೌಕರರಿಗೆ ಫ್ಲೂ ಲಸಿಕೆಯ ಪತ್ರ ಕಳಿಸಿ, ಕೆಲವರ ಪತ್ರದಲ್ಲಿ ಮಾತ್ರ ತಾವು ಬರುವ ದಿನ ಮತ್ತು ಹೊತ್ತು ಬರೆದುಕೊಳ್ಳಲು ಜಾಗ ಬಿಟ್ಟಿತು. ಲಸಿಕೆ ಹಾಕಿಸಿಕೊಂಡವರು ಶೇ. 33ರಿಂದ 37ಕ್ಕೆ ಏರಿದರು. ಬದುಕಿನ ಗದ್ದಲದಲ್ಲಿ ಪರಿಣಾಮ ಸಣ್ಣದೇ. ಆದರೆ ಖಾಲಿ ಜಾಗದ ಒಂದು ಸಾಲಿಗೆ ಅಷ್ಟು ಶಕ್ತಿ ಇದೆಯೆಂಬುದೇ ಸೋಜಿಗ. ಇಂಥ 94 ಪ್ರಯೋಗಗಳನ್ನು 2006ರಲ್ಲಿ ಒಟ್ಟಿಗೆ ತೂಗಿ ನೋಡಿದ ಪೀಟರ್ ಗೋಲ್‌ವಿಟ್ಜರ್ ಮತ್ತು ಪ್ಯಾಸ್ಕಲ್ ಶೀರನ್, ಸರಾಸರಿಯಲ್ಲಿ ಪರಿಣಾಮ ಮಧ್ಯಮಕ್ಕಿಂತ ಮೇಲೆಯೇ ಇದೆ ಎಂದು ತೋರಿಸಿದರು.

ಒಂದು ವಾಕ್ಯಕ್ಕೆ ಈ ಬಲ ಬರುವುದು ಹೇಗೆ? ‘ಓದಬೇಕು’ ಎಂಬ ಸಂಕಲ್ಪ ಮಾತ್ರ ಇದ್ದಾಗ ಮೆದುಳಿಗೆ ಎರಡು ಕೆಲಸ. ಇದು ಓದುವ ಹೊತ್ತು ಎಂದು ತಾನೇ ಗುರುತಿಸಬೇಕು. ಆ ಹೊತ್ತಿಗೆ ಕೈಯಲ್ಲಿರುವುದನ್ನೆಲ್ಲ ಬಿಟ್ಟು ಓದನ್ನೇ ಆರಿಸಬೇಕು. ದಣಿದ ಸಂಜೆಯಲ್ಲಿ ಈ ಎರಡೂ ಸೋಲುತ್ತವೆ. ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿದಾಗ ನಿರ್ಧಾರ ಹಿಂದೆಯೇ ಆಗಿಹೋಗಿರುತ್ತದೆ. ಬೋನು ಒಡ್ಡಿಟ್ಟವನು ರಾತ್ರಿಯಿಡೀ ಎದ್ದು ಕೂತಿರುವುದಿಲ್ಲ. ಇಲಿ ಬಂದಾಗ ಎಗರುವುದು ಸ್ಪ್ರಿಂಗು. ಇಲ್ಲಿ ಸ್ಪ್ರಿಂಗನ್ನು ಎಳೆದು ಕಟ್ಟುವುದು ಆ ವಾಕ್ಯ. ಎದುರಾಗುವ ಸನ್ನಿವೇಶ, ಅದನ್ನು ಸೂಚನೆ ಎನ್ನೋಣ, ನೆನಪಿನ ಮೇಲ್ಪದರದಲ್ಲೇ ಇರುತ್ತದೆ. ಕಂಡ ತಕ್ಷಣ ಕ್ರಿಯೆಯನ್ನು ಎಳೆದು ತರುತ್ತದೆ.

ಇದು ಊಹೆಯಲ್ಲ. ಹಣೆಯ ಹಿಂದೆ ಮೆದುಳಿನ ಮುಂತುದಿಯಲ್ಲಿ 10ನೇ ಪ್ರದೇಶ ಎಂಬ ಭಾಗವಿದೆ. ಉದ್ದೇಶವನ್ನು ತಾನಾಗಿ ನೆನಪಿಸಿಕೊಂಡು ಮಾಡುವಾಗ ಅದರ ಹೊರಮಗ್ಗುಲು ಹೆಚ್ಚು ಚುರುಕಾಗುತ್ತದೆ. ಸೂಚನೆಗೆ ಕಟ್ಟಿದ ಯೋಜನೆಯಿದ್ದಾಗ ಚುರುಕು ಒಳಮಗ್ಗುಲಿಗೆ ಸರಿಯುತ್ತದೆ. 2009ರಲ್ಲಿ ಸ್ಯಾಮ್ ಗಿಲ್ಬರ್ಟ್ ತಂಡ ಮೆದುಳಿನ ಸ್ಕ್ಯಾನ್‌ನಲ್ಲಿ ಇದನ್ನು ಕಂಡಿತು. ಅದಕ್ಕೂ ಮೊದಲು, 2001ರಲ್ಲಿ, ಮೆದುಳಿನ ಮುಂಭಾಗಕ್ಕೆ ಪೆಟ್ಟುಬಿದ್ದು ಯೋಜಿಸಿ ನಡೆದುಕೊಳ್ಳುವುದೇ ಕಷ್ಟವಾದ ರೋಗಿಗಳಿಗೂ ಈ ಬಗೆಯ ವಾಕ್ಯ ನೆರವಾಗುತ್ತದೆಂದು ತಿಳಿದಿತ್ತು. ಇಚ್ಛಾಶಕ್ತಿಯನ್ನು ಬೈದುಕೊಳ್ಳುತ್ತ ಕೂರುವವರೆಲ್ಲ ಈ ಒಂದು ಫಲಿತಾಂಶವನ್ನು ಓದಬೇಕು.

ವಾಕ್ಯ ಕೆಡುವುದು ಸಾಮಾನ್ಯವಾಗಿ ಸೂಚನೆಯಲ್ಲೇ. ‘ಸಮಯ ಸಿಕ್ಕಾಗ’ ಎಂಬುದು ಸೂಚನೆಯಲ್ಲ, ಅದು ಯಾವ ಕ್ಷಣದಲ್ಲೂ ಘಟಿಸುವುದಿಲ್ಲ. ‘ರಾತ್ರಿ’ ಎಂದರೂ ನಾಲ್ಕೈದು ಗಂಟೆಯ ಹರವು. ‘ರಾತ್ರಿ ತಟ್ಟೆ ತೊಳೆದಿಟ್ಟ ಕೂಡಲೇ’ ಎಂದರೆ ಒಂದೇ ಕ್ಷಣ. ಕೈ ಒದ್ದೆಯಾಗಿರುವಾಗಲೇ ಅದು ಬಂದುಬಿಡುತ್ತದೆ. ಗಡಿಯಾರದ ಹೊತ್ತಿಗಿಂತ ಇಂಥ ಘಟನೆಯೇ ವಾಸಿ, ಏಕೆಂದರೆ ಎಂಟು ಗಂಟೆಯಾದದ್ದು ಗಮನಕ್ಕೆ ಬಾರದೆ ಹೋಗಬಹುದು, ತಟ್ಟೆ ತೊಳೆದದ್ದು ತಪ್ಪುವುದಿಲ್ಲ. ಸೂಚನೆ ಬಂದಾಗ ನೀವಿರುವ ಜಾಗದಲ್ಲೇ ಕೆಲಸ ಶುರುವಾಗುವಂತಿರಬೇಕು. ಬಸ್ಸಿನಲ್ಲಿ ಹೊಳೆದ ಸೂಚನೆಗೆ ಮನೆಯ ಮೇಜಿನ ಕೆಲಸ ಕಟ್ಟಿದರೆ ದಾರಿಯಲ್ಲೇ ಕಳಚಿಬೀಳುತ್ತದೆ. ವಾಕ್ಯದ ಉತ್ತರಾರ್ಧ ಎರಡು ನಿಮಿಷದೊಳಗೆ ಮಾಡಿ ಮುಗಿಸಬಹುದಾದ ಮೊದಲ ಹೆಜ್ಜೆಯಾಗಿರಲಿ. ‘ಅಧ್ಯಾಯ ಮುಗಿಸುತ್ತೇನೆ’ ಎನ್ನುವುದಕ್ಕಿಂತ ‘ಮೇಜಿನ ಮುಂದೆ ಕೂತು, ನಿನ್ನೆ ಗುರುತಿಟ್ಟ ಪುಟ ತೆರೆದು, ಮೊದಲ ಲೆಕ್ಕವನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ’ ಎನ್ನುವುದು ನಡೆಯುತ್ತದೆ. ಅಡ್ಡಿಗೂ ಒಂದು ವಾಕ್ಯ ಬೇಕು: ‘ಫೋನ್ ರಿಂಗಾದರೆ, ಅರ್ಧ ಗಂಟೆ ಬಿಟ್ಟು ಮಾಡುತ್ತೇನೆಂದು ಹೇಳಿ ಇಟ್ಟುಬಿಡುತ್ತೇನೆ.’

ಇನ್ನೊಂದು ಎಚ್ಚರಿಕೆ. ಈ ತಂತ್ರದ ರುಚಿ ಹತ್ತಿದವರು ಒಂದೇ ದಿನ ಆರು ಗುರಿಗೆ ಆರು ವಾಕ್ಯ ಬರೆಯುತ್ತಾರೆ. ಏಮಿ ಡಾಲ್ಟನ್ ಮತ್ತು ಸ್ಟೀಫನ್ ಸ್ಪಿಲ್ಲರ್ 2012ರಲ್ಲಿ ತೋರಿಸಿದಂತೆ, ಒಂದು ಗುರಿಗೆ ಸಿಕ್ಕ ಲಾಭ ಆರು ಗುರಿಗಳ ಎದುರು ಕರಗಿಹೋಗುತ್ತದೆ. ಎಲ್ಲವನ್ನೂ ಮಾಡುವುದು ಎಷ್ಟು ಕಷ್ಟವೆಂದು ಕಣ್ಣಿಗೆ ಕಟ್ಟಿ, ಮನಸ್ಸು ಕೈಚೆಲ್ಲುತ್ತದೆ.

ಅವಧಿಯ ಅಂದಾಜು ಇನ್ನೊಂದು ದೊಡ್ಡ ಎಡವಟ್ಟು. ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ ಇದನ್ನು 1979ರಲ್ಲೇ ಹೆಸರಿಸಿದ್ದರು. 1994ರಲ್ಲಿ ರೋಜರ್ ಬ್ಯೂಲರ್ ತಂಡ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೇಳಿದಾಗ ಸರಾಸರಿ 34 ದಿನ ಎಂದರು; ಎಲ್ಲವೂ ಕೆಟ್ಟರೆ 49 ದಿನ ಎಂದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಮುಂದಿನ ಕೆಲಸವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದರೆ ಹೀಗೇ ಆಗುತ್ತದೆ. ಇದೇ ಬಗೆಯ ಹಿಂದಿನ ಕೆಲಸ ಎಷ್ಟು ದಿನ ತಿಂದಿತೆಂದು ದಾಖಲೆ ತೆಗೆದು ಅದನ್ನೇ ಅಂದಾಜಾಗಿ ಇಟ್ಟುಕೊಳ್ಳಿ.

ಈಗ ಲೆಕ್ಕ ಒಪ್ಪಿಸುವ ವಿಚಾರ. ಗುರಿಯನ್ನು ನಾಲ್ಕು ಜನರ ಮುಂದೆ ಸಾರಿದರೆ ಮರ್ಯಾದೆಗೆ ಅಂಜಿಯಾದರೂ ಮಾಡುತ್ತೇವೆ ಎಂಬ ನಂಬಿಕೆ ಬಲವಾಗಿದೆ. 2009ರಲ್ಲಿ ಗೋಲ್‌ವಿಟ್ಜರ್ ತಂಡದ ಪ್ರಯೋಗಗಳಲ್ಲಿ ಆದದ್ದು ತಿರುಗುಮುರುಗು. ಒಳ್ಳೆಯ ವಕೀಲರಾಗಬೇಕೆಂಬ ಹಂಬಲದ ಕಾನೂನು ವಿದ್ಯಾರ್ಥಿಗಳ ಪೈಕಿ, ತಮ್ಮ ಉದ್ದೇಶವನ್ನು ಇನ್ನೊಬ್ಬರು ಓದಿ ಗಮನಿಸಿದರೆಂದು ಗೊತ್ತಾದವರೇ ಆಮೇಲೆ ಕಡಿಮೆ ಶ್ರಮಪಟ್ಟರು. ‘ನಾನು ಇಂಥವನು’ ಎಂಬ ಗುರುತಿಗೆ ಮನ್ನಣೆ ಸಿಕ್ಕಿತು, ಹಸಿವು ಅಷ್ಟಕ್ಕೇ ಅಡಗಿತು. ಆದರೆ ಮಾಡಿದ ಕೆಲಸದ ಲೆಕ್ಕ ಕೊಡುವುದು ಬೇರೆ. 2016ರಲ್ಲಿ ಬೆಂಜಮಿನ್ ಹಾರ್ಕಿನ್ ಮತ್ತು ಸಂಗಡಿಗರು 138 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಪ್ರಗತಿಯನ್ನು ಗಮನಿಸುತ್ತ ಹೋದರೆ ಗುರಿ ಮುಟ್ಟುವುದು ಹೆಚ್ಚುತ್ತದೆ. ಅದನ್ನು ಬರೆದಿಟ್ಟರೆ ಅಥವಾ ಇನ್ನೊಬ್ಬರಿಗೆ ತಿಳಿಸಿದರೆ ಇನ್ನೂ ಹೆಚ್ಚುತ್ತದೆ. ಉದ್ದೇಶ ಸಾರಬೇಡಿ, ಲೆಕ್ಕ ಕೊಡಿ.

ಹದಿನೆಂಟನೆಯ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಇದು ಯಾವ ಪ್ರಯೋಗವೂ ಇಲ್ಲದೆ ಹೊಳೆದಿತ್ತೆಂಬುದು ಖುಷಿ ಕೊಡುವ ವಿಷಯ. ಹದಿಮೂರು ಸದ್ಗುಣಗಳನ್ನು ಗೊತ್ತುಮಾಡಿಕೊಂಡು, ಪುಟ್ಟ ಪುಸ್ತಕದಲ್ಲಿ ಕೆಂಪು ಶಾಯಿಯ ಏಳು ಕಂಬ, ಹದಿಮೂರು ಅಡ್ಡಗೆರೆ ಎಳೆದ. ತಪ್ಪಿದ ಕಡೆ ಕಪ್ಪು ಚುಕ್ಕೆ. ವಾರಕ್ಕೆ ಒಂದೇ ಗುಣದ ಮೇಲೆ ಕಣ್ಣು. ವರ್ಷಕ್ಕೆ ನಾಲ್ಕು ಸುತ್ತು. ಅತಿ ಹೆಚ್ಚು ಕಾಡಿದ್ದು ಅಚ್ಚುಕಟ್ಟುತನ. 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಅವನು ಕಟ್ಟಿದ ಜುಂಟೊ ಎಂಬ ಗೆಳೆಯರ ಕೂಟ ಪ್ರತಿ ಶುಕ್ರವಾರ ಸಂಜೆ ಸೇರುತ್ತಿತ್ತು, ಗೊತ್ತಾದ ಪ್ರಶ್ನೆಗಳಿಗೆ ಸದಸ್ಯರು ಉತ್ತರ ಹೇಳಬೇಕಿತ್ತು. ಏಕಾಂತದ ಪುಸ್ತಕ, ವಾರಕ್ಕೊಮ್ಮೆ ಕೇಳುವ ಜನ: ಎರಡೂ ಅವನಲ್ಲಿ ಇದ್ದವು.

ಇಂದಿಗೆ ಒಂದು ಹಾಳೆ ಸಾಕು. ನಾಲ್ಕು ಕಂಬ ಎಳೆಯಿರಿ: ಬರೆದ ವಾಕ್ಯ, ಸೂಚನೆ ಎಷ್ಟು ಸಲ ಬಂತು, ಎಷ್ಟು ಸಲ ಕೆಲಸ ಶುರುವಾಯಿತು, ಆಗದಿದ್ದಾಗ ಅಡ್ಡ ಬಂದದ್ದೇನು. ಸೂಚನೆಯೇ ಬರದಿದ್ದರೆ ಸೂಚನೆ ಬದಲಿಸಬೇಕು. ಬಂದೂ ಕೆಲಸ ಶುರುವಾಗದಿದ್ದರೆ ಮೊದಲ ಹೆಜ್ಜೆಯನ್ನು ಕಿರಿದು ಮಾಡಬೇಕು. ಎರಡನೆಯ ಮತ್ತು ಮೂರನೆಯ ಕಂಬ ಬೇರೆಬೇರೆಯಾಗಿ ಇರಬೇಕಾದದ್ದು ಅದಕ್ಕೇ. ವಾರದ ಗೊತ್ತಾದ ದಿನ, ಗೊತ್ತಾದ ಗಂಟೆಯೊಳಗೆ ಇದರ ಫೋಟೊ ಒಬ್ಬರಿಗೆ ಹೋಗಲಿ. ಆ ಒಬ್ಬರು ಯಾರು? ‘ಪರವಾಗಿಲ್ಲ ಬಿಡು’ ಎನ್ನುವ ಆಪ್ತರು ಬೇಡ, ಬೈಯುವವರೂ ಬೇಡ. ಬೈಗುಳಕ್ಕೆ ಹೆದರಿ ಜನ ಸಂಖ್ಯೆ ತಿದ್ದುತ್ತಾರೆ, ಇಲ್ಲವೆ ಹಾಳೆ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಜೆನಿಫರ್ ಲರ್ನರ್ ಮತ್ತು ಫಿಲಿಪ್ ಟೆಟ್ಲಾಕ್ 1999ರಲ್ಲಿ ಹೇಳಿದಂತೆ, ಕೇಳುವವರ ಅಭಿಪ್ರಾಯ ಮೊದಲೇ ಗೊತ್ತಿಲ್ಲದಿದ್ದಾಗ, ಅವರು ಫಲಕ್ಕಿಂತ ಮಾಡಿದ ರೀತಿಯನ್ನು ವಿಚಾರಿಸಿದಾಗ ಜನ ಹೆಚ್ಚು ನೇರವಾಗಿ ಯೋಚಿಸುತ್ತಾರೆ. ಅಡ್ಡ ಬಂದದ್ದೇನು, ಮುಂದಿನ ವಾರ ವಾಕ್ಯ ಹೇಗೆ ಬದಲಾಗುತ್ತದೆ ಎಂಬ ಎರಡೇ ಪ್ರಶ್ನೆ ಅವರು ಕೇಳಿದರೆ ಸಾಕು.

ಎಷ್ಟು ದಿನ ಹೀಗೆ? 21 ದಿನ ಎನ್ನುವುದು ಇನ್ನೊಂದು ಪುಕಾರು. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್, ಬದಲಾದ ಮುಖಕ್ಕೆ ರೋಗಿಗಳು ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕೆಂದು 1960ರಲ್ಲಿ ಬರೆದದ್ದು ಬಾಯಿಂದ ಬಾಯಿಗೆ ಹೋಗಿ ಅಭ್ಯಾಸದ ನಿಯಮವಾಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ 96 ಮಂದಿಯನ್ನು 84 ದಿನ ಗಮನಿಸಿ 2010ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನಡುವಣ ಮೌಲ್ಯ 66 ದಿನ. ವ್ಯತ್ಯಾಸವೋ 18ರಿಂದ 254ರವರೆಗೆ; 84 ದಿನ ಮೀರಿದ ಸಂಖ್ಯೆಗಳು ಗಮನಿಸಿದ ದಿನಗಳ ಏರಿಕೆಯಿಂದ ಲೆಕ್ಕಹಾಕಿದ ಅಂದಾಜು. ವ್ಯಾಯಾಮದಂಥದ್ದು ನೀರು ಕುಡಿಯುವಂಥದ್ದಕ್ಕಿಂತ ನಿಧಾನ. ಅದೇ ಅಧ್ಯಯನದಲ್ಲಿ, ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಕಾಣಲಿಲ್ಲ. ಹಾಗಾಗಿ ತಪ್ಪಿದ ದಿನವನ್ನು ನಾಲ್ಕನೆಯ ಕಂಬದಲ್ಲಿ ಬರೆದು ಮುಂದುವರಿಯಬೇಕು, ಮರುದಿನ ಎರಡರಷ್ಟು ಮಾಡಿ ತೀರಿಸಲು ಹೋಗಬಾರದು. ಎರಡನೆಯ ಮತ್ತು ಮೂರನೆಯ ಕಂಬದ ಸಂಖ್ಯೆ ಸತತ ಕೆಲವು ವಾರ ಒಂದೇ ಆಗಿ, ಸೂಚನೆ ಬಂದೊಡನೆ ಯೋಚಿಸದೆ ಕೈ ಕೆಲಸಕ್ಕೆ ಹೋಗತೊಡಗಿದಾಗ ಆ ವಾಕ್ಯವನ್ನು ಹಾಳೆಯಿಂದ ತೆಗೆದು, ಮುಂದಿನ ಗುರಿಯದನ್ನು ಆ ಜಾಗದಲ್ಲಿ ಬರೆಯಬಹುದು.